ಹ್ಯಾಮಕ್‌ನಲ್ಲಿ ಮಲಗಿ ಬೆನ್ನು ಬಿಲ್ಲಾಗ್ತಿದ್ಯಾ?

ವಾರಾಂತ್ಯಕ್ಕೆ ಕನಕಪುರದ ಕಡೆ ತೋಟಗಳಿಗೆ ಹ್ಯಾಮಕ್ (ಎರಡು ಮರಗಳ ನಡುವೆ ಕಟ್ಟುವ ಬಟ್ಟೆಯ ತೂಗುಹಾಸಿಗೆ) ಒಯ್ಯುವವರಿಗೆ ಒಂದು ಮಾತು. ಬಹಳ ಜನ ಅದನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಬೆಳಿಗ್ಗೆ ಎದ್ದಾಗ ಎರಡೂ ಭುಜ ಹಿಡಿದುಕೊಂಡಿದ್ದವು.

ಸಡಿಲ ಬಿಡಿ. ಹ್ಯಾಮಕ್ ಕಟ್ಟುವ ಪಟ್ಟಿ ಮರದಿಂದ ಅಡ್ಡಗೆರೆಗಿಂತ ಸುಮಾರು 30 ಡಿಗ್ರಿ ಕೆಳಕ್ಕೆ ಇಳಿಜಾರಾಗಿ ಬರಬೇಕು. ಆಗ ಒಂದೊಂದು ಮರದ ಪಟ್ಟಿಯ ಮೇಲೂ ಹೆಚ್ಚುಕಮ್ಮಿ ನಿಮ್ಮ ಪೂರ್ತಿ ತೂಕದಷ್ಟು ಎಳೆತ ಬೀಳುತ್ತದೆ. ಬಿಗಿ ಮಾಡಿ 10 ಡಿಗ್ರಿಗೆ ತಂದರೆ ಆ ಎಳೆತ ನಿಮ್ಮ ತೂಕದ ಹೆಚ್ಚುಕಮ್ಮಿ ಮೂರರಷ್ಟಾಗುತ್ತದೆ! ಮನೆಯಲ್ಲಿ ಸುಮ್ನೆ ಬಾಲ್ಕನಿ ಗ್ರಿಲ್‌ಗೆ ಕಟ್ಟಿ ನೋಡೋಣ ಅನ್ನುವವರು ಇದನ್ನು ಇನ್ನೊಮ್ಮೆ ಓದಿ.

ಇನ್ನು ಮಲಗುವ ರೀತಿ. ಉದ್ದಕ್ಕೆ ನೇರ ಮಲಗಬೇಡಿ, ಓರೆಯಾಗಿ ಮಲಗಿ. ತಲೆ ಸ್ವಲ್ಪ ಎಡಕ್ಕೆ, ಕಾಲು ಬಲಕ್ಕೆ. ಬಟ್ಟೆ ಚಪ್ಪಟೆಯಾಗಿ ಬೆನ್ನು ನೆಟ್ಟಗಾಗುತ್ತದೆ. ಇದೊಂದು ಮಾಡಿದರೆ ಅರ್ಧ ತೊಂದರೆ ಮುಗಿಯಿತು. ಕಾಲಿನ ಕಡೆ ಪಟ್ಟಿಯನ್ನು ತಲೆಯ ಕಡೆಗಿಂತ 20-30 ಸೆಂ.ಮೀ. ಮೇಲೆ ಕಟ್ಟಿ, ಇಲ್ಲದಿದ್ದರೆ ರಾತ್ರಿಯೆಲ್ಲ ಕೆಳಕ್ಕೆ ಜಾರುತ್ತಾ ಇರುತ್ತೀರಿ. ಮಂಡಿ ಎಳೆಯುತ್ತಿದ್ದರೆ ಅದರ ಕೆಳಗೆ ಮಡಚಿದ ಸ್ವೆಟರ್ ಇಡಿ. ಕೂತಾಗ ಎತ್ತರ ಕುರ್ಚಿಯಷ್ಟಿದ್ದರೆ ಸಾಕು.

ಚಳಿ? ಅದು ಕೆಳಗಿನಿಂದ ಬರುತ್ತದೆ. ಡಿಸೆಂಬರ್ ರಾತ್ರಿ ಮೇಲೆ ಎಷ್ಟು ಕಂಬಳಿ ಹೊದ್ದರೂ ಬೆನ್ನು ತಣ್ಣಗಾಗುತ್ತದೆ. ಬೆನ್ನಿನಡಿ ಬಿದ್ದ ಕಂಬಳಿ ಅಮುಕಿಹೋಗುತ್ತದೆ, ಅಲ್ವಾ? ಯೋಗದ ಫೋಮ್ ಮ್ಯಾಟ್ ಒಂದು ಒಳಗೆ ಹಾಸಿ.

ಮರಕ್ಕೆ ತೆಳು ಹಗ್ಗ ಬೇಡ, ತೊಗಟೆ ಕೊರೆಯುತ್ತದೆ. ಕನಿಷ್ಠ 2.5 ಸೆಂ.ಮೀ. ಅಗಲದ ಪಟ್ಟಿಯೇ ಇರಲಿ. ತೆಂಗಿನ ಮರವಾದರೆ ಮೊದಲು ತಲೆ ಎತ್ತಿ ಕಾಯಿ ನೋಡಿ.