ಛತ್ರದ ಗುಂಯ್‌ಗುಟ್ಟುವಿಕೆ 45 ಸಾವಿರ ರೂಪಾಯಿಯಲ್ಲಿ ಇಳಿದದ್ದು

ಛತ್ರದ ಹಾಲ್ 60 ಅಡಿ ಉದ್ದ, 40 ಅಗಲ, 14 ಎತ್ತರ. ಕೆಳಗೆ ವಿಟ್ರಿಫೈಡ್ ಟೈಲ್ಸ್, ಮೇಲೆ ಆರ್‌ಸಿಸಿ, ಗೋಡೆಗೆ ನುಣುಪು ಪುಟ್ಟಿ. ಬಲೂನ್ ಒಡೆದು ಅಳೆದರೆ ಸದ್ದು ಅಡಗಲು ಸುಮಾರು 4 ಸೆಕೆಂಡ್. ಗೋಲಗುಮ್ಮಟಕ್ಕೆ ಅದು ಶೋಭೆ, ಸಂಗೀತ ಕಛೇರಿಗೆ ಶಾಪ. ಸ್ಪೀಕರ್ ಬದಲಿಸಿ ಅಂದವರೇ ಹೆಚ್ಚು. ಬದಲಿಸಿದ್ದೂ ಆಯಿತು, ಗದ್ದಲ ಇನ್ನಷ್ಟು ಜೋರಾಯಿತು.

ಮೊದಲ ತಪ್ಪು ಒಂದಿಂಚಿನ ಫೋಮ್, 18 ಸಾವಿರ ನೀರುಪಾಲು. ಪಿಟೀಲಿನ ಮೇಲಿನ ಸ್ವರಗಳನ್ನು ನುಂಗಿ ಮಂಕು ಮಾಡಿತು, ಮೃದಂಗದ ದಪ್ಪ ದನಿಯ ಎಡಮುಖ ಮಾತ್ರ ಹಾಗೇ ಮೊಳಗುತ್ತಿತ್ತು. 100 ಹರ್ಟ್ಜ್‌ನ ಅಲೆ 3.4 ಮೀಟರ್ ಉದ್ದ, ಒಂದಿಂಚು ಅದಕ್ಕೆ ಯಾವ ಲೆಕ್ಕ? ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವ ವಿಷಯ ಎತ್ತಲೇಬೇಡಿ.

ಕೈಹಿಡಿದದ್ದು 50 ಮಿಮೀ ದಪ್ಪ, ಘನ ಮೀಟರಿಗೆ 48 ಕೆಜಿ ಸಾಂದ್ರತೆಯ, ಕಲ್ಲಿನ ನಾರಿನ ಹಾಸು ಎನ್ನಬಹುದಾದ ರಾಕ್‌ವೂಲ್. 4×2 ಅಡಿಯ ರೀಪಿನ ಚೌಕಟ್ಟು, ಒಳಗೆ ತೆಳು ನಾನ್‌ವೋವನ್ (ನೇಯದ ಬಟ್ಟೆ) ಸುತ್ತು (ಇಲ್ಲದಿದ್ದರೆ ಮೈಯೆಲ್ಲ ತುರಿಕೆ), ಮೇಲೆ ಬಟ್ಟೆ. ಮೊದಲ ಹತ್ತಕ್ಕೆ ಅಂದಕ್ಕೆಂದು ರೆಕ್ಸಿನ್ ಹೊದಿಸಿ ಕೆಟ್ಟೆವು, ಸದ್ದು ಅದಕ್ಕೆ ತಗುಲಿ ವಾಪಸ್ ಬರುತ್ತಿತ್ತು. ಬಾಯಿಂದ ಊದಿದರೆ ಉಸಿರು ಆಚೆ ಹೋಗಬೇಕು, ಅಂಥ ಬಟ್ಟೆಯೇ ಆಗಬೇಕು. ಗೋಡೆಗೆ ಅಂಟಿಸದೆ ಹಿಂದೆ ಎರಡಿಂಚು ಜಾಗ ಬಿಡಿ, ಕೆಳಸ್ಥಾಯಿಯ ಹಿಡಿತ ಅಲ್ಲೇ ಇರುವುದು.

ಇಂಥವು ಒಟ್ಟು 60 ಪ್ಯಾನೆಲ್. 24 ಚಾವಣಿಯಿಂದ ಅಡಿ ಕೆಳಗೆ ತೂಗುತ್ತವೆ. ಎರಡೂ ಮುಖ ಕೆಲಸ ಮಾಡುವುದರಿಂದ ಗೋಡೆಯವಕ್ಕಿಂತ ಲಾಭ. ಉಳಿದವುಗಳಲ್ಲಿ ಹೆಚ್ಚಿನವು ಹಿಂಗೋಡೆಗೆ. ಪಕ್ಕದ ಗೋಡೆಗಳಲ್ಲಿ ಒಂದು ಕಡೆಯ ಪ್ಯಾನೆಲ್ಲಿಗೆ ಎದುರು ಬೋಳು ಗೋಡೆ ಬರುವಂತೆ ಹಂಚಿದರೆ ಚಪ್ಪಾಳೆ ತಟ್ಟಿದಾಗ ಎದುರುಬದುರು ಗೋಡೆಗಳ ನಡುವೆ ಪುಟಿಯುವ ಪಟಪಟ ನಿಲ್ಲುತ್ತದೆ. ತೂಗುವುದನ್ನು ಎಷ್ಟು ಓರೆ ಮಾಡಿದೆವು ಎಂಬುದು ನಮ್ಮಲ್ಲೇ ಇರಲಿ.

ವೇದಿಕೆಯ ಹಿಂದೆ ಎಂಟು ಹಾಕಿ ತೆಗೆದೆವು. ಗಾಯಕರಿಗೆ ತಮ್ಮ ದನಿಯೇ ಕೇಳದೆ ಗಂಟಲು ಹರಿದುಕೊಳ್ಳುತ್ತಿದ್ದರು.

ನಡುವೆ ಕೆಳಸ್ಥಾಯಿಯ ಸದ್ದು ಹೀರಲು ಮಡಕೆ ಪ್ರಯೋಗವೂ ನಡೆಯಿತು. ಹತ್ತು ಲೀಟರಿನದು, ಬಾಯಿ ಮೂರಿಂಚು ಚಿಲ್ಲರೆ, 130 ಹರ್ಟ್ಜ್ ಹತ್ತಿರ ಅನುರಣಿಸಿತು. ಆರು ಮಡಕೆ ಇಷ್ಟು ದೊಡ್ಡ ಹಾಲಿಗೆ ಅರೆಕಾಸಿನ ಮಜ್ಜಿಗೆ; ನೂರಾರು ಬೇಕು, ಇಡಲು ಜಾಗವೆಲ್ಲಿ?

ಬಡಗಿಯ ಕೂಲಿ ಸೇರಿ ಪ್ಯಾನೆಲ್ಲಿಗೆ 750ರ ಆಸುಪಾಸು. ರೆಡಿಮೇಡ್ ಕೊಟೇಶನ್ ಎರಡು ಲಕ್ಷ ದಾಟಿತ್ತು. ಈಗ ಖಾಲಿ ಹಾಲ್ 1.9 ಸೆಕೆಂಡ್, ನೂರೈವತ್ತು ಜನ ಕೂತರೆ 1.2. ಆಗಲ್ಲ ಎಂದಿದ್ದವರು ಈಗ ಅಳತೆ ಕೇಳುತ್ತಾರೆ. ಗುಂಯ್ ಹೋದಮೇಲೆ ಹಳೇ ಫ್ಯಾನುಗಳ ಕಿರ್‌ಕಿರ್ ಹೊರಬಿದ್ದಿದೆ, ಬೇರಿಂಗ್ ಬದಲಿಸಲು ಹೇಳಿದ್ದೇವೆ.