ಅಟ್ಟದ ಟಿವಿ ಗೇಮ್‌ಗೆ ಹಳೆಯ ಕ್ಯಾಸೆಟ್ ಹುಡುಕಿ ಕೂಡಿಡುವುದು

ಕೊಡಗಿನ ಮನೆಗಳ ಅಟ್ಟದಲ್ಲಿ ಸಿಗುವ ಹಳೆಯ ಟಿವಿ ಗೇಮ್ ಬಹುಪಾಲು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು. ಪೆಟ್ಟಿಗೆಯ ಮೇಲಿನ ಹೆಸರು ನಂಬಬೇಡಿ, ಕ್ಯಾಸೆಟ್ಟಿನ ಪಿನ್ ಎಣಿಸಿ. ಬದಿಗೆ 30ರಂತೆ 60 ಇದ್ದರೆ ಫ್ಯಾಮಿಕಾಮ್ ಜಾತಿ. ಎನ್‌ಇಎಸ್ (ಫ್ಯಾಮಿಕಾಮ್‌ನ ಹೊರದೇಶದ ರೂಪ) ಕ್ಯಾಸೆಟ್ಟಿಗೆ 72, ಇನ್ನೊಂದು ಕಂಪನಿಯ ಸೆಗಾ ಮೆಗಾ ಡ್ರೈವ್‌ಗೆ 64. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. 72 ಪಿನ್ನಿನದನ್ನು 60ಕ್ಕೆ ಹೊಂದಿಸುವ ಪರಿವರ್ತಕ ಸಿಗುತ್ತದೆ. ಅದು ಕೈಯಲ್ಲಿಲ್ಲದಿದ್ದರೆ ಎನ್‌ಇಎಸ್ ಕ್ಯಾಸೆಟ್ಟಿಗೆ ದುಡ್ಡು ಹಾಕಬೇಡಿ.

ಕರೆಂಟ್ ಕೊಡುವ ಮೊದಲು ಅಡಾಪ್ಟರ್ ನೋಡಿ. ನಕಲು ಯಂತ್ರಗಳು ಸಾಮಾನ್ಯವಾಗಿ 9 ವೋಲ್ಟ್ ಡಿಸಿ ಬೇಡುತ್ತವೆ. ತಕರಾರು ಇರುವುದು ಪ್ಲಸ್-ಮೈನಸ್‌ನಲ್ಲಿ: ಅಸಲಿ ಫ್ಯಾಮಿಕಾಮ್‌ನ ಅಡಾಪ್ಟರ್ ಪಿನ್ನಿನ ಒಳಭಾಗ ಮೈನಸ್, ನಕಲುಗಳಲ್ಲಿ ಒಂದೊಂದು ಒಂದೊಂದು ಥರ. ಯಂತ್ರದ ಸಾಕೆಟ್ ಪಕ್ಕದ ಗುರುತಿಗೆ ಅಡಾಪ್ಟರ್ ಹೊಂದುತ್ತದೆಯೇ ಎಂದು ಮಲ್ಟಿಮೀಟರಿನಲ್ಲಿ (ವೋಲ್ಟ್ ಅಳೆಯುವ ಮೀಟರ್) ತಾಳೆ ನೋಡಿ. ಉಲ್ಟಾ ಕೊಟ್ಟರೆ ಒಳಗೆ ವೋಲ್ಟ್ ಹದದಲ್ಲಿಡುವ ರೆಗ್ಯುಲೇಟರ್, ಕೆಲವೊಮ್ಮೆ ಚಿಪ್ಪೂ ಸುಡುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಬರಿದೇ ಅಳೆದಾಗ 12-13 ವೋಲ್ಟ್ ತೋರಿಸಿದರೆ ಗಾಬರಿ ಬೇಡ, ಯಂತ್ರಕ್ಕೆ ಹಾಕಿ ಲೋಡ್ ಬಿದ್ದಾಗ ಇಳಿಯುತ್ತದೆ.

ಇನ್ನು ಆಟ. ನೆನಪಿನಲ್ಲಿ ಆಟ ಇರುತ್ತದೆ, ಹೆಸರು ಇರುವುದಿಲ್ಲ. ಹೆಸರಿಲ್ಲದೆ ಹುಡುಕುವುದಾದರೂ ಹೇಗೆ? ಇಟ್ಟಿಗೆ ಗೋಡೆ ಒಡೆದು ಹದ್ದನ್ನು ಕಾಯುವ ಟ್ಯಾಂಕ್ ಆಟ ‘ಬ್ಯಾಟಲ್ ಸಿಟಿ’ (ನಾಮ್ಕೊ, 1985). ಏಣಿ ಹತ್ತಿ, ನೆಲ ತೋಡಿ ಬಂಗಾರ ಆಯುವುದು ‘ಲೋಡ್ ರನ್ನರ್’. ಸಿಂಹದ ಮೇಲೆ ಕೂತು ಬೆಂಕಿಯ ಬಳೆ ಹಾರುವುದು ‘ಸರ್ಕಸ್ ಚಾರ್ಲಿ’. ಬೈಕ್ ಬಿಸಿಯಾಗಿ ನಿಂತುಬಿಡುವುದು ‘ಎಕ್ಸೈಟ್‌ಬೈಕ್’ (1984). ಪೆಟ್ರೋಲ್ ಮುಗಿಯುವುದರೊಳಗೆ ಕಾರು ಓಡಿಸುವುದು ‘ರೋಡ್ ಫೈಟರ್’. ಹುಲ್ಲಿನ ಲಂಗ ತೊಟ್ಟವನು ಕಲ್ಲಿನ ಕೊಡಲಿ ಎಸೆದರೆ ಅದು ‘ಅಡ್ವೆಂಚರ್ ಐಲ್ಯಾಂಡ್’. ಪಟ್ಟಿ ಬರೆದುಕೊಂಡೇ ಹೊರಡಿ, ಇಲ್ಲದಿದ್ದರೆ ಒಂದೇ ಆಟ ಮೂರು ಸಲ ಮನೆಗೆ ಬರುತ್ತದೆ.

ಹುಡುಕುವುದಾದರೆ ಮೊದಲು ನೆಂಟರ ಮನೆಯ ಅಟ್ಟ, ಆಮೇಲೆ ಮಡಿಕೇರಿ, ಕುಶಾಲನಗರ, ವಿರಾಜಪೇಟೆಯ ಹಳೆಯ ಟಿವಿ ರಿಪೇರಿ ಅಂಗಡಿ ಮತ್ತು ಗುಜರಿ. ‘9999999 ಇನ್ 1’ ಎಂಬ ಲೇಬಲ್‌ಗೆ ಮರುಳಾಗಬೇಡಿ. ಒಳಗಿರುವುದು ಬೆರಳೆಣಿಕೆಯ ಆಟ. ಬೇರೆ ಬೇರೆ ಹಂತದಿಂದ ಶುರು ಮಾಡಿ, ಹೆಸರು ಬದಲಿಸಿ ಪಟ್ಟಿ ಉದ್ದ ಮಾಡಿರುತ್ತಾರೆ. ಒಂದೇ ಆಟದ ಕ್ಯಾಸೆಟ್ಟಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಿಚ್ಚಿದಾಗ ಬೋರ್ಡಿನ ಮೇಲೆ ಕಪ್ಪು ಅಂಟಿನ ಉಂಡೆ ಕಂಡರೆ ಅದು ಬಹುಪಾಲು ನಕಲು, ಚಿಪ್ ಕೆಟ್ಟರೆ ರಿಪೇರಿ ಇಲ್ಲ.

‘ಸತ್ತಿದೆ’ ಎಂದು ಅಗ್ಗಕ್ಕೆ ಕೊಡುವವುಗಳಲ್ಲಿ ಎಷ್ಟೋ ಬರೀ ಕೊಳೆಯಾಗಿರುತ್ತವೆ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ತಾಮ್ರದ ಪಿನ್ ಕಪ್ಪಾಗಿ ಸಂಪರ್ಕ ತಪ್ಪುತ್ತದೆ. ಪರದೆ ಬೆಳ್ಳಗೆ ನಿಲ್ಲುತ್ತದೆ, ಇಲ್ಲವೇ ಚಿತ್ರ ಚೌಕ ಚೌಕವಾಗಿ ಚೆಲ್ಲಾಪಿಲ್ಲಿಯಾಗುತ್ತದೆ. ಕಿವಿ ಕಡ್ಡಿಯನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಪಿನ್ನಿನ ಉದ್ದಕ್ಕೆ ಒರೆಸಿ, ಅಡ್ಡಕ್ಕೆ ಬೇಡ. ಕಡ್ಡಿ ಬೆಳ್ಳಗೆ ಬರುವವರೆಗೆ ಬದಲಿಸುತ್ತ ಹೋಗಿ, 10 ನಿಮಿಷ ಒಣಗಲು ಬಿಡಿ. ಕಪ್ಪು ಹೋಗದಿದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ನಾಲ್ಕೈದು ಸಲ, ಅಷ್ಟೇ. ಮೇಲಿನ ಲೇಪ ತೆಳುವಾದದ್ದು. ಮರಳು ಕಾಗದ ತಾಗಿಸಲೇಬೇಡಿ. ಬಾಯಲ್ಲಿ ಊದುವ ಹಳೆಯ ಚಾಳಿಯೂ ಬೇಡ. ಊದಿದಾಗ ಆಟ ಬರುವುದು ಕ್ಯಾಸೆಟ್ ತೆಗೆದು ಮತ್ತೆ ಹಾಕಿದ್ದರಿಂದ. ಉಗುಳಿನ ತೇವ ಪಿನ್ನನ್ನು ಇನ್ನಷ್ಟು ತಿನ್ನುತ್ತದೆ.

ಟಿವಿಗೆ ಹಳದಿ ವೈರ್ ಚಿತ್ರ, ಬಿಳಿಯದು ಧ್ವನಿ. ಹೊಸ ಟಿವಿಯಲ್ಲಿ ಎವಿ ತೂತಿಲ್ಲದಿದ್ದರೆ ‘ಎವಿಯಿಂದ ಎಚ್‌ಡಿಎಂಐಗೆ’ ಹೋಗುವ ಪರಿವರ್ತಕ ಬೇಕು. ಉಲ್ಟಾ ದಿಕ್ಕಿನದ್ದೂ ನೋಡಲು ಹಾಗೇ ಇರುತ್ತದೆ, ಕೊಳ್ಳುವಾಗ ಓದಿ. ಬಾತುಕೋಳಿ ಹೊಡೆಯುವ ಗನ್ ಮಾತ್ರ ಹಳೆಯ ಡಬ್ಬಾ ಟಿವಿಯಲ್ಲೇ ನಡೆಯುವುದು. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ ಗುರಿಯ ಜಾಗ ಮಾತ್ರ ಬೆಳ್ಳಗಾಗುತ್ತದೆ, ಆ ಬೆಳಕನ್ನು ಗನ್ ಹಿಡಿಯಬೇಕು. ಎಲ್‌ಇಡಿ ಟಿವಿಯಲ್ಲಿ ಚಿತ್ರ ತಡವಾಗಿ ಬರುವುದರಿಂದ ಎಷ್ಟು ಗುರಿಯಿಟ್ಟರೂ ಕೋಳಿ ಬೀಳುವುದಿಲ್ಲ.

ಬಿಚ್ಚುವ, ತೊಳೆಯುವ ಕೆಲಸವನ್ನೆಲ್ಲ ಕಣದಲ್ಲಿ ಕಾಫಿ ಒಣಗುವ ತಿಂಗಳುಗಳಲ್ಲೇ ಮುಗಿಸಿ. ಜೂನ್ ಬರುವಷ್ಟರಲ್ಲಿ ಕ್ಯಾಸೆಟ್ಟುಗಳು ಬಿಗಿ ಮುಚ್ಚಳದ ಡಬ್ಬಿ ಸೇರಿರಬೇಕು, ಜತೆಗೆ ನೀಲಿ ಸಿಲಿಕಾ ಜೆಲ್. ಹರಳು ಗುಲಾಬಿಗೆ ತಿರುಗಿದರೆ ತೇವ ಹೀರಿ ತುಂಬಿದೆ ಎಂದರ್ಥ, ಬದಲಿಸಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಡಬೇಡಿ, ಹೊಗೆಯ ಜಿಡ್ಡು ಪಿನ್ನಿಗೆ ಮೆತ್ತಿಕೊಳ್ಳುತ್ತದೆ. ಬಿಸಿಲಿಗಿಟ್ಟರೆ ಲೇಬಲ್ ಮಾಸಿ ಪ್ಲಾಸ್ಟಿಕ್ ಹಳದಿಯಾಗುತ್ತದೆ. ಗುಡುಗು ಕೇಳಿದರೆ ಸ್ವಿಚ್ ಆರಿಸುವುದಷ್ಟೇ ಸಾಲದು. ಅಡಾಪ್ಟರನ್ನು ಗೋಡೆಯಿಂದ ಕಿತ್ತು, ಟಿವಿಯ ವೈರನ್ನೂ ಬಿಡಿಸಿಡಿ.