ಅಸರ್ಟ್ ಮ್ಯಾಕ್ರೋದಲ್ಲಿ ಎರ್ನೋವನ್ನು ಮೊದಲ ಸಾಲಿನಲ್ಲೇ ಉಳಿಸಿಕೊಳ್ಳಿ
ಸಿ ಭಾಷೆಯಲ್ಲಿ ಫೈಲ್ ಟೂಲ್ ಬರೆಯುವವರು ಸ್ವಂತ ಅಸರ್ಟ್ ಮ್ಯಾಕ್ರೋ (ಕಂಡಿಷನ್ ನಿಜವೇ ಎಂದು ನೋಡಿ, ಅಲ್ಲದಿದ್ದರೆ ಎರರ್ ತೋರಿಸುವ ಕೋಡ್) ಮಾಡಿಕೊಂಡಿದ್ದರೆ, ಕಂಡಿಷನ್ ಫೇಲ್ ಆದ ಕೂಡಲೇ ಎರ್ನೋವನ್ನು (errno, ಫೇಲ್ ಆದ ಕಾಲ್‌ನ ಎರರ್ ನಂಬರ್ ಇರುವ ಜಾಗ) ಒಂದು ಲೋಕಲ್ ವೇರಿಯಬಲ್‌ಗೆ ಕಾಪಿ ಮಾಡಿ, ಆಮೇಲೆ ಪಾತ್, ಲೈನ್ ನಂಬರ್ ಎಲ್ಲಾ ಪ್ರಿಂಟ್ ಮಾಡಿ. ಯಾಕಂದ್ರೆ ನಡುವೆ ಬರುವ ಎಫ್‌ಪ್ರಿಂಟ್‌ಎಫ್ ಅಥವಾ ಕ್ಲೋಸ್ ಕಾಲ್ ಕೂಡ ಎರ್ನೋ ಬದಲಿಸಬಹುದು. ಆಗ ಜಾಗ ತುಂಬಿ ರೈಟ್ ಫೇಲ್ ಆಗಿದ್ದರೂ ಮೆಸೇಜ್ ಬೇರೇನೋ ಹೇಳುತ್ತದೆ, ನಾವು ಸುಮ್ನೆ ಪರ್ಮಿಷನ್ ಹುಡುಕುತ್ತಾ ಕೂರುತ್ತೇವೆ. ಡೈರೆಕ್ಟರಿಯಲ್ಲಿರುವುದನ್ನು ಒಂದೊಂದಾಗಿ ಓದುವ ರೀಡ್‌ಡಿರ್‌ಗೆ ಇಷ್ಟೇ ಸಾಲದು: ಡೈರೆಕ್ಟರಿ ಮುಗಿದರೂ, ಎರರ್ ಆದರೂ ಅದು ನಲ್ ಕೊಡುತ್ತದೆ, ಹಾಗಾಗಿ ಪ್ರತಿ ಸಲ ಕರೆಯುವ ಮುಂಚೆ ಎರ್ನೋ ಸೊನ್ನೆ ಮಾಡಲೇಬೇಕು. ರೈಟ್ ಕೇಳಿದ್ದಕ್ಕಿಂತ ಕಡಿಮೆ ಬೈಟ್ ಬರೆದು ವಾಪಸ್ ಬಂದಾಗಲೂ ಎರ್ನೋ ನಂಬಬೇಡಿ. ಇನ್ನು, ಫೈಲ್ ಅಳಿಸುವ ಅನ್‌ಲಿಂಕ್, ಹೆಸರು ಬದಲಿಸುವ ರೀನೇಮ್ ಕಾಲ್‌ಗಳನ್ನು ಮಾಮೂಲಿ ಅಸರ್ಟ್ ಒಳಗೇ ಬರೆಯಬೇಡಿ. ಅಸರ್ಟ್‌ಗಳನ್ನು ಆಫ್ ಮಾಡುವ ಎನ್‌ಡೀಬಗ್ (NDEBUG) ಡಿಫೈನ್ ಮಾಡಿ ಬಿಲ್ಡ್ ಮಾಡಿದರೆ ಆ ಕಾಲ್ ನಡೆಯುವುದೇ ಇಲ್ಲ.